ಹೆಸರು ಹಿಡಿದು ಅತ್ತ ಹಾಡು

ಇಲ್ಲ ಎನ್ನುವುದಕ್ಕೆ ನಾಲಿಗೆಯಲ್ಲಿ ಒಂದಿಷ್ಟು ಶಕ್ತಿ ಬೇಕು. ಅದು ನನಗಿಲ್ಲ. ಯಾರು ಏನು ಕೇಳಿದರೂ ಅವರ ಮಾತು ಮುಗಿಯುವ ಮೊದಲೇ ಹೂಂ ಎಂದುಬಿಡುತ್ತೇನೆ. ಹೀಗೆ ಹೂಂ ಎಂದು ಯಾರದೋ ಮದುವೆಗೆ ನಮ್ಮ ಬಚ್ಚಲ ಹಂಡೆಯನ್ನು ಕೊಟ್ಟು, ಅದು ವಾಪಸ್ ಬಾರದೆ ಮನೆಮಂದಿಯೆಲ್ಲ ತಣ್ಣೀರು ಹುಯ್ದುಕೊಂಡಿದ್ದೇವೆ. ಹಂಡೆ ಹಾಳಾಗಿ ಹೋಗಲಿ, ಒಂದು ಸಲ ಪ್ರಾಣಕ್ಕೇ ಬಂದಿತ್ತು.

ಆಗ ನಾನು ಹೊಳಲ್ಕೆರೆಯಲ್ಲಿ ಇಂಗ್ಲಿಷ್ ಮೇಷ್ಟ್ರು, ಮನೆ ರಾಮಗಿರಿಯಲ್ಲಿ. ದೇಶದೇಶದ ಜನರ ಹಾಡುಗಳನ್ನು ಅಭ್ಯಾಸ ಮಾಡುವ ವಿದೇಶಿ ವಿದ್ವಾಂಸರೊಬ್ಬರು ಟೇಪ್ ರೆಕಾರ್ಡರ್ ಹೊತ್ತು ಬಂದರು. ಬೀಸುವ ಹಾಡು, ಸೋಬಾನೆ ಎಲ್ಲ ಸಿಕ್ಕಾಗಿತ್ತು. ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದೊಂದು ಬಾಕಿ. ಬೇರೆ ದೇಶದವರ ಅಳುವಿನ ಪಕ್ಕಕ್ಕೆ ನಮ್ಮದನ್ನೂ ಇಟ್ಟು ನೋಡಬೇಕಂತೆ. ನಮ್ಮ ದೊಡ್ಡಮ್ಮ ಕರಿಯಮ್ಮ ಅಳಲು ಕೂತರೆ ಬಿ.ದುರ್ಗದವರೆಗೂ ಹೆಸರು ಎಂದು ನಾನೇ ಕೊಚ್ಚಿಕೊಂಡೆ. ನಾಳೆ ಕೇಳಬಹುದಾ ಎಂದರು. ಹೂಂ ಎಂದೆ.

ಮಾರನೆಯ ದಿನ ದೊಡ್ಡಮ್ಮ ಕಂಬಳಿಯ ಮೇಲೆ ಕೂತು ಮೊದಲು ಕೇಳಿದ್ದೇ, "ಯಾರ ಹೆಸ್ರಾಗೆ ಅಳಾಣಪ್ಪ?" ಪ್ರತಿ ಸಾಲಿಗೂ ಹೆಸರು ಕೂಗಬೇಕಂತೆ. ಸತ್ತವರ ಹೆಸರು ಹಿಡಿಯುವಂತಿಲ್ಲ, ಅತ್ತು ಕಳಿಸಿದವರನ್ನು ಮತ್ತೆ ಕರೆದಂತಾಗುತ್ತದೆ. ಬದುಕಿರುವವರ ಹೆಸರು ಹಿಡಿಯಬಹುದು, ಆದರೆ ಹಾಡನ್ನು ಕೊನೆಮುಟ್ಟಿಸಿ ಅವರ ತಲೆಗೆ ನೀರು ಹುಯ್ಯಬೇಕು. ನಡುವೆ ನಿಂತರೆ ಆಸಾಮಿ ಹೋದ ಹಾಗೆಯೇ.

ವಿದ್ವಾಂಸರಿಗೆ ರೈಲಿನ ಹೊತ್ತಾಗುತ್ತಿತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಹೆಸರನ್ನೇ ಹಿಡಿ ಎಂದುಬಿಟ್ಟೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗೌರಿ, "ಬ್ಯಾಡ ಕಣ್ರಿ" ಎಂದಳು. ನಾನು ಕೇಳಿಸದವನಂತೆ ಕೂತೆ. ಅವಳ ಬಾಯಲ್ಲಂತೂ ನನ್ನ ಹೆಸರು ಬರುವುದೇ ಇಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರೇನು ಎಂದರೆ ಪಕ್ಕದ ಮನೆಯಾಕೆಯನ್ನು ಮುಂದೆ ತಳ್ಳುವವಳು. ಮದುವೆಯ ದಿನ ಹೆಸರು ಹೇಳಿಸುವ ಶಾಸ್ತ್ರದಲ್ಲೂ ತುಟಿ ಅಲ್ಲಾಡಿದ್ದಷ್ಟೇ, ಯಾರಿಗೂ ಕೇಳಿಸಲಿಲ್ಲ.

ದೊಡ್ಡಮ್ಮ ತಲೆಯ ಮೇಲೆ ಸೆರಗೆಳೆದುಕೊಂಡಳು. "ಅಯ್ಯೋ ನನ್ ತಿಪ್ಪೇಸಾಮೀ, ಕುರಿ ಕಾಯೋರ ಮನ್ಯಾಗೆ ಹುಟ್ಟಿ ಸೀಮೆಸುಣ್ಣ ಹಿಡ್ದೋನೇ..." ಮೊದಲ ಸಾಲಿಗೆ ನನಗೆ ಹೆಮ್ಮೆಯೇ ಆಯಿತು. ಎರಡನೆಯದಕ್ಕೆ ಕತ್ತಿನ ಹಿಂದೆ ತಣ್ಣಗಾಯಿತು. ಸುಳ್ಳಲ್ಲ, ಹೆದರಿದೆ. ಊರಿನ ಎಷ್ಟೋ ಸಾವಿಗೆ ಒಣಗಣ್ಣಲ್ಲೇ ಹಾಡಿದ್ದವಳು, ತಬ್ಬಲಿಯಾದ ನನ್ನನ್ನು ಸಾಕಿದ ಸಾಲಿಗೆ ಬಂದದ್ದೇ ನಿಜವಾಗಿಯೇ ಬಿಕ್ಕಿದಳು. ಹಾಡು ನಿಂತಿತು.

ಟೇಪ್ ಮಾತ್ರ ತಿರುಗುತ್ತಿತ್ತು. ಮುಂದುವರಿಸು ಎಂದು ಕೈಸನ್ನೆ ಮಾಡಿದೆ. ದೊಡ್ಡಮ್ಮ ಆಗಲ್ಲ ಎಂದು ತಲೆಯಾಡಿಸಿದಳು. ಇಂಗ್ಲಿಷ್ ಓದಿದವನು, ಇದನ್ನೆಲ್ಲ ನಂಬುವವನಲ್ಲ ನಾನು. ಆದರೂ ಯಾರಿಗೂ ಕಾಣದಂತೆ ನನ್ನ ನಾಡಿ ಹಿಡಿದು ನೋಡಿಕೊಂಡೆ.

"ತಿಪ್ಪೇಸಾಮೀ..."

ದನಿ ಬಾಗಿಲ ಕಡೆಯಿಂದ ಬಂತು. ಗೌರಿ ಬಂದು ದೊಡ್ಡಮ್ಮನ ಪಕ್ಕ ಕೂತಳು. "ತಿಪ್ಪೇಸಾಮೀ, ಊರಿಗೆಲ್ಲ ಹೂಂ ಅಂದೋನೇ, ನಾನು ಬ್ಯಾಡ ಅಂದಿದ್ದು ಯಾಕೋ ಕೇಳಿಸ್ಲಿಲ್ಲ..." ಹಾಡಿನಲ್ಲಿ ಹಂಡೆಯೂ ಬಂತು, ತಣ್ಣೀರೂ ಬಂತು. ಸಾಲುಸಾಲಿಗೂ ನನ್ನ ಹೆಸರು. ಅಷ್ಟು ವರ್ಷ ಬಾಯೊಳಗೇ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಸಲಕ್ಕೆ ಹೊರಗೆ ಹಾಕಿದಳು. ಕೇಳುತ್ತ ಕೇಳುತ್ತ ನನಗೂ ಅಳು ಬಂತು. ಹಾಡು ಮುಗಿಸಿ, ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ, ಒಂದು ಕೊಡ ನೀರನ್ನು ತಲೆಯ ಮೇಲೆ ಸುರಿದಳು.

ಇಂಥ ಅಳು ಯಾವ ದೇಶದಲ್ಲೂ ಕೇಳಿರಲಿಲ್ಲ ಎನ್ನುತ್ತ ವಿದ್ವಾಂಸರು ಟೇಪ್ ಸಮೇತ ರೈಲು ಹತ್ತಿದರು. ನನ್ನ ಹೆಸರು ಈಗ ಯಾವ ದೇಶದ ಕಪಾಟಿನಲ್ಲಿದೆಯೋ. ಮನೆಯಲ್ಲಿ ಮತ್ತೆ ಅದೇ 'ಏನ್ರಿ', 'ನೋಡ್ರಿ'. ಇನ್ನೊಂದು ಸಲ ಹೇಳೇ ಎಂದು ಎಷ್ಟು ಗೋಗರೆದರೂ ಜಗ್ಗಲಿಲ್ಲ. ಕೊನೆಗೆ, ನಾನು ನಿಜವಾಗಿ ಹೋದ ದಿನವಾದರೂ ಹೆಸರು ಹಿಡಿದು ಹಾಡುತ್ತೀಯಾ ಎಂದು ಕೇಳಿದೆ.

ನನ್ನ ಮಾತು ಮುಗಿಯುವ ಮೊದಲೇ ಹೂಂ ಎಂದಳು.