ಐನೂರು ಪದಗಳ ಕಷ್ಟ

ಅರ್ಜಿಯ ಮೊದಲ ಆರು ಪ್ರಶ್ನೆಗಳಿಗೆ ವೆಂಡೆಲ್ ಹೌಗೆನ್, ಕಾಫಿ ಆರುವುದರೊಳಗೆ, ಉತ್ತರ ಬರೆದು ಮುಗಿಸಿದ. ಏಳನೆಯದು ಅವನನ್ನು ಹಿಡಿದು ಕೂರಿಸಿತು.

"ನೀವು ಎಲ್‌ಜಿಬಿಟಿ ಸಮುದಾಯದವರೆಂಬ ಕಾರಣಕ್ಕೆ ಪಟ್ಟ ಕಷ್ಟವನ್ನು ಐನೂರು ಪದಗಳಲ್ಲಿ ವಿವರಿಸಿ."

ವೆಂಡೆಲ್ ಪೆನ್ನು ಕಚ್ಚಿದ, ಕಿಟಕಿಯಾಚೆ ಹಿಮ ನೋಡಿದ, ಮತ್ತೆ ಪೆನ್ನು ಕಚ್ಚಿದ. ಒಂದು ಪದವೂ ಬರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಊಟದ ಮೇಜಿನ ಮುಂದೆ ಬೆವರುತ್ತ ಕೂತು "ನಾನು ಗೇ" ಎಂದು ಹೇಳಿದ್ದ. ಅಪ್ಪ ರಾಲಿ, "ಹೌದಾ? ಆ ಆಲೂಗಡ್ಡೆ ಈ ಕಡೆ ತಳ್ಳು" ಅಂದಿದ್ದ. ಮರುವಾರ ಚರ್ಚಿನ ಹೆಂಗಸರು ಏಳು ಬಣ್ಣದ ಕೇಕು ಮಾಡಿ ತಂದಿದ್ದರು. ಫಾಲ್ಕ್ ಲೇಕ್ ಊರಿನವರು ಚಂದಾ ಎತ್ತಿ ನೀರಿನ ಟ್ಯಾಂಕಿಗೆ ಕಾಮನಬಿಲ್ಲು ಬಳಿಸಿದ್ದರು. ಇಡೀ ಮಿನ್ನೆಸೋಟಾದಲ್ಲಿ ತಮ್ಮಷ್ಟು ವಿಶಾಲ ಹೃದಯದವರಿಲ್ಲ ಎಂದು ಅವರು ಇವತ್ತಿಗೂ ಬೀಗುತ್ತಾರೆ.

ಹಾಗೆಂದು ಅರ್ಜಿಯನ್ನು ಮಡಚಿ ಎಸೆಯುವಂತಿರಲಿಲ್ಲ. ಷಿಕಾಗೊದಲ್ಲಿ ಎಲ್‌ಜಿಬಿಟಿ ವಿದ್ಯಾರ್ಥಿಗಳಿಗಾಗಿ ಮೂರು ದಿನದ ಉದ್ಯೋಗ ಸಮ್ಮೇಳನ. ಕಾಲೇಜು ವರ್ಷಕ್ಕೆ ಒಬ್ಬರನ್ನು ತನ್ನ ಖರ್ಚಿನಲ್ಲೇ ಕಳಿಸುತ್ತದೆ. ಸೇತುವೆ ಕಟ್ಟುವ ಕಂಪನಿಗಳು ಅಲ್ಲಿಗೆ ಬಂದು ಬೇಸಿಗೆ ಕೆಲಸಕ್ಕೆ ಹುಡುಗರನ್ನು ಆರಿಸಿಕೊಳ್ಳುತ್ತವೆ. ವೆಂಡೆಲ್‌ಗೆ ಸೇತುವೆಯೆಂದರೆ ಪ್ರಾಣ. ಆ ಸೀಟು ಸಿಗದಿದ್ದರೆ ಚಿಕ್ಕಪ್ಪನ ಟರ್ಕಿ ಕೋಳಿ ಕಾರ್ಖಾನೆಯಲ್ಲಿ ಸತತ ಮೂರನೇ ಬೇಸಿಗೆ ಪುಕ್ಕ ಕೀಳಬೇಕು. ಹೋದ ಬೇಸಿಗೆಯ ಪುಕ್ಕ ಕ್ರಿಸ್‌ಮಸ್ ತನಕ ಅವನ ಕಿವಿಯಲ್ಲಿ ಸಿಗುತ್ತಿತ್ತು. ಅರ್ಜಿ ಕೊಡಲು ಅದೇ ದಿನ ನಾಲ್ಕು ಗಂಟೆ ಕೊನೆಯಾಗಿತ್ತು.

ಅಮ್ಮ ಡಾರ್ಲೀನ್ ಹೆಗಲ ಮೇಲಿಂದ ಇಣುಕಿ ಪ್ರಶ್ನೆ ಓದಿದಳು. ಮುಖ ಸಪ್ಪಗಾಯಿತು.

"ಅಂದ್ರೆ ನಾವು ನಿನ್ನ ಚೆನ್ನಾಗಿ ನೋಡ್ಕೊಂಡಿದ್ದೇ ತಪ್ಪಾಯ್ತಾ?"

"ಹಂಗಲ್ಲಮ್ಮ..."

"ಮತ್ತಿನ್ನೇನು? ನಾಲ್ಕು ಗಂಟೆಯೊಳಗೆ ಕಷ್ಟ ಎಲ್ಲಿಂದ ತರೋದು?"

ಅಪ್ಪ ಪೇಪರು ಕೆಳಗಿಟ್ಟ. "ನಾನು ಇವನ್ನ ಮನೆಯಿಂದ ಆಚೆ ಹಾಕ್ತೀನಿ. ಎಷ್ಟೋ ಜನ ಅಪ್ಪಂದಿರು ಹಾಕ್ತಾರಂತಲ್ಲ, ನಾನೂ ಹಾಕ್ತೀನಿ. ಮಧ್ಯಾಹ್ನ ಊಟಕ್ಕೆ ವಾಪಸ್ ಬರ್ಲಿ. ಬರೆದಿದ್ದು ಸುಳ್ಳೂ ಆಗಲ್ಲ."

ವೆಂಡೆಲ್ ಬೇಡ ಬೇಡ ಎನ್ನುವಷ್ಟರಲ್ಲಿ ಅವನೂ ಅವನ ಸೂಟ್‌ಕೇಸೂ ಹಿಮದಲ್ಲಿದ್ದರು. ಅಮ್ಮ ಹಿಂದೆಯೇ ಓಡಿಬಂದು ಸ್ವೆಟರು, ಟೋಪಿ, ಎರಡು ಹ್ಯಾಮ್ ಸ್ಯಾಂಡ್‌ವಿಚ್ಚು ಕೈಗಿಟ್ಟಳು.

"ಬಾಗಿಲು ಜೋರಾಗಿ ಹಾಕ್ಲೇನೇ?" ಒಳಗಿನಿಂದ ಅಪ್ಪ ಕೂಗಿದ.

"ಹಾಕಿ, ಗಾಜು ಮಾತ್ರ ಹುಷಾರು!"

ಸದ್ದಿಗೆ ಪಕ್ಕದ ಮನೆಯ ಬರ್ಡೆಟ್ ಹೊರಗೆ ಬಂದ. ನಲವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಊರಿನ ಸುದ್ದಿಗೆಲ್ಲ ಅವನೇ ಆಕಾಶವಾಣಿ. ಸೂಟ್‌ಕೇಸು ನೋಡಿದ. ಸ್ವೆಟರು ನೋಡಿದ. "ಏನೋ ಇದು?" ಎಂದ.

"ಅಪ್ಪ ನನ್ನ ಆಚೆ ಹಾಕಿದಾರೆ."

"ಯಾಕೆ?"

"ಗೇ ಅಂತ."

ಊಟದ ಹೊತ್ತಿನ ತನಕ ಮಾತ್ರ ಎಂದು ವೆಂಡೆಲ್ ಹೇಳುವ ಮೊದಲೇ ಬರ್ಡೆಟ್ ಒಳಗೆ ಓಡಿ ಫೋನು ಹಿಡಿದಿದ್ದ.

ಅರ್ಧ ಗಂಟೆಯಲ್ಲಿ ಮನೆ ಮುಂದೆ ಹನ್ನೊಂದು ಪಿಕಪ್ ಟ್ರಕ್ಕು ನಿಂತವು. ವೆಂಡೆಲ್‌ನನ್ನು ತಮ್ಮ ಮನೆಗೆ ಕರೆದೊಯ್ಯಲು ಮೂರು ಸಂಸಾರಗಳು ಕಿತ್ತಾಡಿದವು. ಚರ್ಚು ನಡೆಸುವ ಪಾಸ್ಟರಮ್ಮ ಸೊಲ್ವೆಗ್ ಒಂದು ಕೈಯಲ್ಲಿ ಮಾಂಸ, ಆಲೂಗಡ್ಡೆ ಬೇಯಿಸಿದ ಬಿಸಿ ಹಾಟ್‌ಡಿಶ್ಶಿನ ತಟ್ಟೆ, ಇನ್ನೊಂದು ಕೈಯಲ್ಲಿ ಬೈಬಲ್ಲು ಹಿಡಿದು ನೇರ ಅಡುಗೆಮನೆಗೆ ನುಗ್ಗಿದಳು.

"ರಾಲಿ! ನಾಚಿಕೆ ಆಗ್ಬೇಕು ನಿಂಗೆ! ಹೆತ್ತ ಮಗನ್ನ ಈ ಚಳಿಲಿ!"

"ಪಾಸ್ಟರಮ್ಮ, ಊಟಕ್ಕೆ ವಾಪಸ್..."

"ಬಾಯ್ಮುಚ್ಚು!"

ರಾಲಿಯ ಬೌಲಿಂಗ್ ತಂಡದವರು ಅವನನ್ನು ತಂಡದಿಂದ ಕಿತ್ತುಹಾಕಿರುವುದಾಗಿ ಅಂಗಳದಿಂದಲೇ ಕೂಗಿ ಹೇಳಿದರು. ಕೊನೆಗೆ ವೆಂಡೆಲ್ ಸೂಟ್‌ಕೇಸಿನ ಮೇಲೆ ಹತ್ತಿ ನಿಂತು, ಏಳನೇ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ನಡೆದದ್ದನ್ನೆಲ್ಲ ಹೇಳಬೇಕಾಯಿತು.

ಅಲ್ಲಿಗೆ ಮುಗಿಯಿತೆಂದು ಅವನು ತಿಳಿದದ್ದೇ ತಪ್ಪು. ಹುಡುಗನಿಗೆ ಬೇಕಿರುವುದು ಕಷ್ಟ ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ಅಡುಗೆಮನೆಯಲ್ಲಿ ಸಭೆ ಸೇರಿತು. ಕಾಫಿ ಇಳಿಯಿತು, ತಟ್ಟೆಗಳು ಬಂದವು.

"ಆ ಕೇಕಿನ ನೀಲಿ ಪದರ ಸರಿಯಾಗಿ ಬೇಯಲಿಲ್ಲ," ಪಾಸ್ಟರಮ್ಮ ಪಶ್ಚಾತ್ತಾಪದಿಂದ ನುಡಿದಳು. "ಮನಸ್ಸಿಗೆ ನೋವಾಗಿತ್ತೇನಪ್ಪ?"

"ಇಲ್ಲ ಪಾಸ್ಟರಮ್ಮ. ಚೆನ್ನಾಗಿತ್ತು."

"ನಾನು ಬೈತೀನಿ, ಬರ್ಕೊ," ಎಂದು ಬರ್ಡೆಟ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಥೂ ನಿನ್ನ! ಹಿಮ ಎತ್ತೋ ಸಲಿಕೆ ಇಸ್ಕೊಂಡು ಹೋಗಿ ಎರಡು ವರ್ಷ ಆಯ್ತು, ಮಾನ ಮರ್ಯಾದೆ ಇದೆಯಾ?"

"ಅದಕ್ಕೂ ಗೇ ಆಗಿರೋದಕ್ಕೂ ಏನ್ ಸಂಬಂಧ?"

"ಸಂಬಂಧ ಇಲ್ಲ. ಸಲಿಕೆ ಬೇಕು."

ಅಷ್ಟರಲ್ಲಿ ಎದುರು ಮನೆಯಿಂದ ವೆಂಡೆಲ್‌ನ ಅಜ್ಜಿ ಓರ್ಫಾ, ಡಾರ್ಲೀನ್‌ಳಿಂದ ಒಯ್ದಿದ್ದ ಕೇಕಿನ ಅಚ್ಚನ್ನು ಹಿಂತಿರುಗಿಸಲು ಬಂದಳು. ಜೊತೆಗೆ ಐನೆಜ್ ಇದ್ದಳು. ತಾತ ತೀರಿಕೊಂಡ ಎರಡು ವರ್ಷಕ್ಕೆ ಅಜ್ಜಿಯ ಮನೆಗೆ ಬಾಡಿಗೆಗೆ ಬಂದವಳು ಐನೆಜ್, ಮೂವತ್ತೊಂದು ವರ್ಷದಿಂದ ಅಲ್ಲೇ ಇದ್ದಾಳೆ. ಅಜ್ಜಿಗೆ ಎಪ್ಪತ್ತನಾಲ್ಕು. ವಯಸ್ಸಾದವರಿಗೆ ಫೀಸು ಹೆಚ್ಚುಕಡಿಮೆ ಮಾಫಿ ಎಂದು ವೆಂಡೆಲ್‌ನ ಕಾಲೇಜಿನಲ್ಲೇ ಜಲವರ್ಣ ಕಲಿಯುತ್ತಿದ್ದಳು. ಬೆನ್ನಿನ ಚೀಲ ಮೊಮ್ಮಗನ ಚೀಲಕ್ಕಿಂತ ದೊಡ್ಡದು.

ಗಲಾಟೆಯನ್ನೆಲ್ಲ ಕೇಳಿಸಿಕೊಂಡು ಅಜ್ಜಿ ಅರ್ಜಿಯನ್ನೆತ್ತಿ ಓದಿದಳು. "ಐನೂರೇ ಪದವಾ?" ಎಂದಳು.

"ಐನೂರು ಬೇಕಾದಷ್ಟಾಯ್ತಜ್ಜಿ. ನಂಗೆ ಐದು ಹುಟ್ತಿಲ್ಲ."

"ಇನ್ನೊಂದು ಖಾಲಿ ಕಾಗದ ಇದೆಯೇನೋ? ಐನೆಜ್‌ಗೆ ಒಂದು ತುಂಡು ಲೆಮನ್ ಬಾರ್ ಸುತ್ಕೊಡ್ತೀನಿ."

ತಪ್ಪಾದರೆ ಇರಲಿ ಎಂದು ವೆಂಡೆಲ್ ಅರ್ಜಿಯ ಮೂರು ಖಾಲಿ ಪ್ರತಿ ತಂದಿದ್ದ. ಒಂದನ್ನು ಕೊಟ್ಟ. ಅಜ್ಜಿ ಆ ನಿಂಬೆ ಸಿಹಿಯನ್ನು ಅದರಲ್ಲಿ ಸುತ್ತಿಕೊಂಡು, ಕ್ಲಾಸಿಗೆ ಹೊತ್ತಾಯಿತೆಂದು ಹೊರಟಳು. ಅತ್ತ ಪಾಸ್ಟರಮ್ಮ, ಬರ್ಡೆಟ್ ಮತ್ತು ಬೌಲಿಂಗ್ ತಂಡ ಸೇರಿಕೊಂಡು ವೆಂಡೆಲ್‌ನನ್ನು ಚರ್ಚಿನಿಂದ ಬಹಿಷ್ಕರಿಸಿದ ಒಂದು ಕತೆಯನ್ನು ಕಟ್ಟುತ್ತಿದ್ದರು. ಬಹಿಷ್ಕಾರದ ಪತ್ರಕ್ಕೆ ಸಹಿ ಹಾಕಲು ಪಾಸ್ಟರಮ್ಮ ಪೆನ್ನನ್ನೂ ತೆಗೆದಳು. ಅವಳ ಕಣ್ಣಲ್ಲಿ ನೀರಿತ್ತು.

ವೆಂಡೆಲ್‌ಗೆ ತಲೆ ಕೆಟ್ಟುಹೋಯಿತು. ಮೇಜು ಗುದ್ದಿದ. ಕಾಫಿ ಚೆಲ್ಲಿತು.

"ಸಾಕು! ನನ್ನವರನ್ನ ಕೆಟ್ಟವರು ಮಾಡಿ ನಂಗೆ ಷಿಕಾಗೊ ಬೇಡ! ನನ್ನ ಕಂಡ್ರೆ ಜನ ಅಯ್ಯೋ ಪಾಪ ಅಂದ್ರೆ ಮಾತ್ರ ಕೆಲಸನಾ? ನಾನು ಅಳಲ್ಲ. ಅವರೇನ್ ಮಾಡ್ಕೊಳ್ತಾರೋ ಮಾಡ್ಕೊಳ್ಳಲಿ!"

ಚೆಲ್ಲಿದ ಕಾಫಿಯ ಪಕ್ಕದಲ್ಲೇ ಕೂತು ಅವನು ಒಂದೇ ಉಸಿರಿಗೆ ಬರೆದ:

"ನನಗೆ ಯಾರೂ ಕಷ್ಟ ಕೊಟ್ಟಿಲ್ಲ. ಇವತ್ತು ಬೆಳಿಗ್ಗೆ ಇಡೀ ಊರು ಸೇರಿ ಕೊಡಲು ನೋಡಿತು, ಅವರ ಕೈಲಿ ಆಗಲಿಲ್ಲ. ಅತ್ತವರಿಗೆ ಮಾತ್ರ ನಿಮ್ಮ ಬಾಗಿಲು ತೆರೆಯುವುದಾದರೆ ನಾನು ಹೊರಗೇ ನಿಲ್ಲುತ್ತೇನೆ. ನಾನು ಗೇ. ಸುಖವಾಗಿದ್ದೇನೆ. ನನಗೆ ಸೇತುವೆಯ ನಕ್ಷೆ ಬರೆಯಲು ಬರುತ್ತದೆ. ಕೇಳುವುದಿದ್ದರೆ ಸೇತುವೆಯ ಬಗ್ಗೆ ಕೇಳಿ. ಈ ಏಳನೇ ಪ್ರಶ್ನೆಯನ್ನು ಕಿತ್ತುಹಾಕಿ."

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವನ ಕಾರು ಕಾಲೇಜು ಮುಟ್ಟಿತು. ಹಿಂದೆ ಹನ್ನೊಂದು ಟ್ರಕ್ಕುಗಳೂ ಮುಟ್ಟಿದವು. ವಿದ್ಯಾರ್ಥಿ ಕಚೇರಿಯ ಮಿಸ್ ಕ್ವಿನ್ ಅರ್ಜಿಯನ್ನು ಅಲ್ಲೇ ಓದಿದಳು, ಹುಬ್ಬೇರಿಸಿದಳು, ಫೈಲಿಗೆ ಸೇರಿಸಿ ಒಳಗೆ ಹೋದಳು. ಸಮಿತಿಯ ಮೂವರು ಕೂತಿದ್ದರು. ತೀರ್ಮಾನ ಐದೂವರೆಗೆ ಗೊತ್ತಾಗುವುದಿತ್ತು. ಫಾಲ್ಕ್ ಲೇಕಿನವರು ಕಾರಿಡಾರಿನಲ್ಲಿ ಸಾಲಾಗಿ ಕೂತು ಹಾಟ್‌ಡಿಶ್ ಹಂಚಿಕೊಂಡು ತಿಂದರು.

ಐದೂವರೆಗೆ ಮಿಸ್ ಕ್ವಿನ್ ಮೂಗು ಒರೆಸಿಕೊಳ್ಳುತ್ತ ಬಂದಳು.

"ಇಂಥ ಬರಹ ನಾವು ಇದುವರೆಗೆ ಓದಿಲ್ಲ. ಎಷ್ಟು ಧೈರ್ಯ! ಮೂರೂ ಜನ ಒಪ್ಪಿದ್ದಾರೆ."

ಬರ್ಡೆಟ್ ವೆಂಡೆಲ್‌ನ ಬೆನ್ನಿಗೆ ಬಾರಿಸಿದ ಏಟಿಗೆ ಅವನ ಟೋಪಿ ಹಾರಿತು. ಅಪ್ಪ ಕಣ್ಣೊರೆಸಿಕೊಂಡ. ಬೌಲಿಂಗ್ ತಂಡ ಅಪ್ಪನನ್ನು ವಾಪಸು ಸೇರಿಸಿಕೊಂಡಿತು.

"ಅಂದ ಹಾಗೆ ವೆಂಡೆಲ್," ಮಿಸ್ ಕ್ವಿನ್ ಅವನ ತೋಳು ಮುಟ್ಟಿದಳು, "ನಿಂದೂ ಚೆನ್ನಾಗಿತ್ತು ಕಣಪ್ಪ."

"ನಿಂದೂ ಅಂದ್ರೆ?"

ಅವಳು ಕೈಯಲ್ಲಿದ್ದ, ಆಯ್ಕೆಯಾದ ಅರ್ಜಿ ತೋರಿಸಿದಳು. ಅದರ ನಡುವೆ ಲೆಮನ್ ಬಾರಿನ ಜಿಡ್ಡಿನ ಕಲೆಯಿತ್ತು. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಅಜ್ಜಿ ಓರ್ಫಾ ಬಂದಳು. ಬೆನ್ನಿಗೆ ಚೀಲ, ಮೂಗಿನ ತುದಿಗೆ ಹಸಿರು ಬಣ್ಣ. ಅವಳ ಕೈ ಐನೆಜ್‌ಳ ಕೈಯಲ್ಲಿತ್ತು.

ಹಾಟ್‌ಡಿಶ್ ಅಗಿಯುತ್ತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.

"ಅಮ್ಮಾ?" ಎಂದ ರಾಲಿ. "ಐನೆಜ್ ನಿನ್ನ ಬಾಡಿಗೆಯವಳು ಅಲ್ವಾ?"

"ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಬಾಡಿಗೆ ಕೊಟ್ಟಿಲ್ಲ ಕಣೋ ಇವಳು. ನಿಂಗೆ ಅನುಮಾನಾನೇ ಬರಲಿಲ್ವಾ?"

ಪಾಸ್ಟರಮ್ಮನ ಮುಖ ಕೆಂಪಾಯಿತು. "ಒಂದು ಮಾತು ಹೇಳೋದಲ್ವಾ ಓರ್ಫಾ? ನಿಮಗೂ ಕೇಕು ಮಾಡ್ತಿದ್ವಲ್ಲ..."

"ಇವನಿಗೆ ಮಾಡಿದ ಕೇಕಿನ ಅಚ್ಚು ತೊಳೆದವಳು ನಾನೇ," ಎಂದಳು ಅಜ್ಜಿ. "ನಿಮ್ಮನ್ನ ಬಯ್ಯೋಕೆ ಬರೆದಿಲ್ಲ. ಐನೆಜ್‌ಗೆ ಆಪರೇಶನ್ ಆದಾಗ ಮನೆಯವರು ಮಾತ್ರ ಒಳಗೆ ಬರಬೇಕು ಅಂದ್ರು. ಒಂಬತ್ತು ದಿನ ಆಸ್ಪತ್ರೆ ಬೆಂಚಿನ ಮೇಲೆ ಕೂತೆ. ನೀವ್ಯಾರು ಅಂತ ಕೇಳಿದ್ರೆ ಪಕ್ಕದ ಮನೆಯವಳು ಅಂದೆ. ಅದನ್ನ ಬರೆದೆ. ಇನ್ಮೇಲೆ ಯಾರು ಕೇಳಿದ್ರೂ ಹಾಗನ್ನಲ್ಲ."

ಬೆಳಿಗ್ಗೆಯಿಂದ ಊರೆಲ್ಲ ಹುಡುಕಿದ ಕಷ್ಟ ಎದುರು ಮನೆಯಲ್ಲೇ ಇತ್ತು. ವೆಂಡೆಲ್ ಹೋಗಿ ಅಜ್ಜಿಯನ್ನು ತಬ್ಬಿಕೊಂಡ, ಐನೆಜ್‌ಳನ್ನೂ ತಬ್ಬಿಕೊಂಡ. ಆಮೇಲೆ ಅವನಿಗೆ ಟರ್ಕಿ ಕೋಳಿಗಳು ನೆನಪಾದವು.

"ಆದ್ರೂ ಅಜ್ಜಿ, ಅದು ಉದ್ಯೋಗ ಸಮ್ಮೇಳನ! ಈ ವಯಸ್ಸಲ್ಲಿ ನಿಂಗ್ಯಾವ ಉದ್ಯೋಗ?"

ಅಜ್ಜಿ ಚೀಲ ತೆರೆದು ಒಂದು ಕಟ್ಟು ತೆಗೆದಳು. ಜಲವರ್ಣದ ಮೂವತ್ತೊಂದು ಕಾರ್ಡುಗಳು. "ನಮ್ಮಂಥ ಇಬ್ಬರು ಹೆಂಗಸರಿಗೆ ವಾರ್ಷಿಕೋತ್ಸವದ ಕಾರ್ಡು ಈ ಊರಿನ ಯಾವ ಅಂಗಡೀಲೂ ಸಿಗಲಿಲ್ಲ. ವರ್ಷಕ್ಕೊಂದು ನಾನೇ ಬರೆದೆ. ಷಿಕಾಗೊಗೆ ಕಾರ್ಡ್ ಕಂಪನಿಯವರೂ ಬರ್ತಾರಂತೆ. ಕೆಲಸ ಕೊಡ್ದೆ ಎಲ್ಲಿಗ್ಹೋಗ್ತಾರೆ, ನೋಡೇ ಬಿಡ್ತೀನಿ!"

"ಆಯ್ಕೆಯಾದವರು ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಬಹುದು," ಎಂದಳು ಮಿಸ್ ಕ್ವಿನ್.

ವೆಂಡೆಲ್‌ನ ಮುಖ ಅರಳಿತು.

"ಐನೆಜ್ ಬರ್ತಾಳೆ," ಎಂದಳು ಅಜ್ಜಿ. "ನೀನು ನಮ್ಮನ್ನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಾ. ಬೆಳಿಗ್ಗೆ ಐದಕ್ಕೆ."

ಬರ್ಡೆಟ್ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದ. "ಬೇಜಾರಾಗ್ಬೇಡ ಮಗಾ. ಮುಂದಿನ ವರ್ಷಕ್ಕೆ ನಿಂಗೂ ಒಂದು ಕಷ್ಟ ಸಿಕ್ತಲ್ಲ! ಸ್ವಂತ ಅಜ್ಜಿ ಸೀಟು ಕಿತ್ಕೊಂಡ್ಳು ಅಂತ ಬರಿ. ಐನೂರು ಪದ ಹಂಗೇ ಹರಿಯತ್ತೆ."

ಆ ಮಾತು ವೆಂಡೆಲ್‌ಗೆ ನಾಟಿತು. ಬೆಳಗಿನಿಂದ ಮೊದಲ ಸಲ ಅವನು ನಕ್ಕ. ಮನಸ್ಸಿನಲ್ಲೇ ಮೊದಲ ಸಾಲು ಹೊಸೆಯುತ್ತಿದ್ದಾಗ ಮಿಸ್ ಕ್ವಿನ್ ಓಡಿಬಂದಳು.

"ಅಯ್ಯೋ, ಮುಖ್ಯವಾದ್ದೇ ಮರೆತೆ ನೋಡು! ನೀನು ಬರೆದಿದ್ದು ಸಮಿತಿಯವರ ಮನಸ್ಸಿಗೆ ತಟ್ಟಿದೆ. ನೂರಕ್ಕೆ ನೂರು ನಿಜ ಅಂದ್ರು. ಮುಂದಿನ ವರ್ಷದಿಂದ ಅರ್ಜಿಯಲ್ಲಿ ಆ ಏಳನೇ ಪ್ರಶ್ನೆ ಇರೋದೇ ಇಲ್ಲ!"

ಜೇಬಿನಲ್ಲಿ ಫೋನು ಗುನುಗಿತು. ಚಿಕ್ಕಪ್ಪನ ಸಂದೇಶ: ಈ ಬೇಸಿಗೆ ಕೋಳಿ ಜಾಸ್ತಿ, ಗಟ್ಟಿ ಕೈಗವಸು ತಗೊಂಡು ಬಾ.