ಅಳಿಯ ಆರಿಸಿದ ಅಲಸಂದೆ

ಬೇರೆಯವರ ಮಕ್ಕಳಿಗೆ ಪಾಠ ಹೇಳುವುದು ಬಹಳ ಸುಲಭ. ಹದಿನಾಲ್ಕು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿರುವ ನಾನು ಎದೆ ತಟ್ಟಿ ಈ ಮಾತು ಹೇಳಬಲ್ಲೆ. ಹುಡುಗರಿಗೆ ಪಾಠ ತಿಳಿದರೆ ಅದು ನನ್ನ ಬೋಧನೆಯ ಮಹಿಮೆ, ತಿಳಿಯದಿದ್ದರೆ ಅವರ ಹಣೆಬರಹ. ನಮ್ಮದೇ ಮಗುವಿಗೆ ಕಲಿಸಲು ಹೊರಟಾಗ ಮಾತ್ರ ಈ ನ್ಯಾಯ ತಿರುಗಾಮುರುಗಾ ಆಗುತ್ತದೆ. ಮಗು ಕಲಿತರೆ ಅದು ತಾಯಿಯ ಕಡೆಯ ಬುದ್ಧಿ, ಕಲಿಯದಿದ್ದರೆ ಅಪ್ಪನ ಕಡೆಯದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಬೇಸಿಗೆ ರಜೆಯಲ್ಲಿ ಸುಮ್ಮನೆ ಮಧ್ಯಾಹ್ನದ ನಿದ್ದೆ ಮಾಡಿಕೊಂಡು ಇರುತ್ತಿದ್ದೆ.

ನಾನು ಹುಕ್ಕೇರಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ನನ್ನ ಹೆಂಡತಿ ರೇಖಾ ಮೂಡಲಗಿಯ ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಸರಿಸಮ ತೊಂದರೆಯಾಗಲಿ ಎಂದು ನಡುವೆ ಗೋಕಾಕದಲ್ಲಿ ಮನೆ ಮಾಡಿದ್ದೇವೆ. ಮೂರೂವರೆ ವರ್ಷದ ಮಗಳು ಸಾನ್ವಿಯನ್ನು ನೋಡಿಕೊಳ್ಳಲು ಮೂಡಲಗಿ ಕಡೆಯ ಹಳ್ಳಿಯಿಂದ ನಮ್ಮ ಅತ್ತೆ ಗಂಗವ್ವ ಬಂದು ಇದ್ದಾರೆ. ಅತ್ತೆಯವರು ಹಳೆಯ ಪದ್ಧತಿಯವರು. ಅಳಿಯನ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದು, ಅಳಿಯನ ಜೊತೆ ನೇರವಾಗಿ ಮಾತಾಡಬಾರದು. ಹಾಗೆಂದು ಅವರಿಗೆ ನನ್ನ ಬಗ್ಗೆ ಹೇಳುವುದು ಏನೂ ಇಲ್ಲವೆಂದಲ್ಲ, ಬೇಕಾದಷ್ಟು ಇದೆ. ಅದೆಲ್ಲ ಸಾನ್ವಿಯ ಮೂಲಕ ಬರುತ್ತದೆ. "ಸಾನವ್ವ, ನಿಮ್ಮಪ್ಪಗ ಕೇಳು, ರೊಟ್ಟಿ ಇನ್ನೊಂದು ಹಾಕ್ಲಿ ಏನ ಅಂತ." ನಾನು ಎದುರಿಗೇ ತಟ್ಟೆ ಹಿಡಿದುಕೊಂಡು ಕುಳಿತಿರುತ್ತೇನೆ. ಸಾನ್ವಿ ನನ್ನ ಕಡೆ ತಿರುಗಿ ಅದನ್ನೇ ಹೇಳುತ್ತಾಳೆ, ನಾನು ಬೇಡವೆಂದರೆ ಅವಳು ತನ್ನ ವಿವೇಚನೆಯ ಮೇಲೆ "ಹಾಕಂತ ಆಯಿ" ಎಂದು ಅಜ್ಜಿಗೆ ಹೇಳುತ್ತಾಳೆ. ನನ್ನ ಹೊಟ್ಟೆ ಈ ಗಾತ್ರಕ್ಕೆ ಬಂದದ್ದು ಹೀಗೆ.

ಸಮಸ್ಯೆ ಶುರುವಾದದ್ದು ನರ್ಸರಿಯಿಂದ. ಏಪ್ರಿಲ್‌ನಲ್ಲಿ ರೇಖಾ ಸಾನ್ವಿಗೆ ಹೆಸರು ಹಚ್ಚಿಸುವ ಮಾತು ತೆಗೆದಳು. ನಾನು ಒಂದು ದಿನ ಬೆಳಿಗ್ಗೆ ಹೋಗಿ ನೋಡಿಬಂದೆ. ಸಾನ್ವಿಯಷ್ಟೇ ಎತ್ತರದ ಒಂದು ಮಗು ಕೊರಳಿಗೆ ಟೈ ಕಟ್ಟಿಕೊಂಡು, ವ್ಯಾನಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿತ್ತು. ಇನ್ನೊಂದು ವರ್ಷವಾದರೂ ನನ್ನ ಮಗಳು ಬೆಳಿಗ್ಗೆ ತಾನಾಗಿ ಏಳಲಿ, ಎದ್ದು ನನ್ನ ಹೊಟ್ಟೆಯ ಮೇಲೆ ಕುಣಿಯಲಿ ಎನಿಸಿತು. ಇದನ್ನು ಹೀಗೆಯೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಉಪನ್ಯಾಸಕ. "ಈ ವಯಸ್ಸಿನ ಮಕ್ಕಳಿಗೆ ಶಾಲೆಯಲ್ಲ, ಚಟುವಟಿಕೆ ಬೇಕು. ಕೈಯಿಂದ ಮಾಡುತ್ತಾ ಕಲಿಯಬೇಕು. ರಜೆಯಲ್ಲಿ ನಾನೇ ಕಲಿಸುತ್ತೇನೆ" ಎಂದು ಒಂದು ಭಾಷಣವನ್ನೇ ಮಾಡಿದೆ. ರೇಖಾ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಾ ಕೇಳಿ, "ಆತ್ರಿ. ಮಿರಗ ಕೂಡೂತನಕ ಟೈಮ್ ಕೊಟ್ಟೇನಿ. ಅಷ್ಟರಾಗ ಕೂಸು ಏನರೆ ಕಲ್ತಿದ್ರ ಚಲೋ, ಇಲ್ಲಂದ್ರ ನಾ ಫಾರ್ಮ್ ತರಾಕಿ" ಎಂದು ಬಸ್ಸಿಗೆ ಹೋದಳು. ಮಿರಗ ಎಂದರೆ ಮೃಗಶಿರಾ ಮಳೆ. ಬಿತ್ತನೆಗೂ ಶಾಲೆಗೂ ನಮ್ಮಲ್ಲಿ ಅದೇ ಗಡುವು.

ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ತಯಾರಾದೆ. ಆ ವಿಡಿಯೋಗಳ ಮಕ್ಕಳು ಬಿಳಿ ಅಂಗಿ ತೊಟ್ಟುಕೊಂಡು ಬಣ್ಣದ ನೀರನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹನಿ ಚೆಲ್ಲದಂತೆ ಸುರಿಯುತ್ತವೆ. ಅವಕ್ಕೆ ಮೂಗು ಸೋರುವುದಿಲ್ಲ, ನಡುವೆ ಉಚ್ಚೆ ಬರುವುದಿಲ್ಲ. ಹುಕ್ಕೇರಿಯ ಸಂತೆಯ ದಿನ ಸ್ಟೀಲಿನ ಅಂಗಡಿಗೆ ಹೋಗಿ ಒಂದೇ ಅಳತೆಯ ಆರು ಸಣ್ಣ ಬಟ್ಟಲು ಕೇಳಿದೆ. "ಆಯೇರಿ ಮಾಡಾಕೇನ್ರಿ ಸರ?" ಎಂದ ಅಂಗಡಿಯವನು. ಮದುವೆಯ ಉಡುಗೊರೆಗಲ್ಲ, ನೀರು ಸುರಿಯಲು ಎಂದೆ. "ಯಾರ ಮ್ಯಾಲ್ರಿ?" ಎಂದು ಕೇಳಿದ. ಆಗ ನನಗೆ ಸಿಟ್ಟು ಬಂದಿತ್ತು. ಮರುದಿನ ಸಾನ್ವಿ ಆರೂ ಬಟ್ಟಲಿನ ನೀರನ್ನು ನನ್ನ ತೊಡೆಯ ಮೇಲೆ ಸುರಿದಾಗ ಅದು ಯೋಗ್ಯವಾದ ಪ್ರಶ್ನೆಯಾಗಿತ್ತು ಎಂದು ಒಪ್ಪಿಕೊಂಡೆ.

ಎರಡನೆಯ ವಾರ ಮೈದಾ ಹಿಟ್ಟು ನಾದಿ ಅರಿಸಿನ, ಕುಂಕುಮ ಕಲಸಿ ಆಕಾರಗಳನ್ನು ಮಾಡಿಸಿದೆ. ನಾನು ಗೋಲ, ಘನ, ಶಂಕು ಎನ್ನುತ್ತಿದ್ದೆ. ಅವಳು ಎಲ್ಲವನ್ನೂ ತಟ್ಟಿ ರೊಟ್ಟಿ ಮಾಡಿದಳು. ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. "ಸಾನವ್ವ, ನಿಮ್ಮಪ್ಪಗ ಕೇಳು, ಹಿಟ್ಟು ಇರೂದು ಆಡಾಕೋ ತಿನ್ನಾಕೋ ಅಂತ." ಸಾನ್ವಿ ಇದನ್ನು "ಅಪ್ಪಾ, ಆಯಿ ಬೈಯಾಕತ್ತಾಳ" ಎಂದು ಸಂಕ್ಷೇಪಿಸಿದಳು. ಮೂರನೆಯ ವಾರ ವಿಂಗಡಣೆ ಕಲಿಸಲು ಕರದಂಟು ತಂದೆ. ಅವಳು ಗೋಡಂಬಿಯನ್ನೆಲ್ಲ ತನಗೆ ವಿಂಗಡಿಸಿಕೊಂಡು ಉಳಿದ ಅಂಟನ್ನು ನನಗೆ ಬಿಟ್ಟಳು. ಇಡೀ ರಜೆಯಲ್ಲಿ ನನ್ನ ಯೋಜನೆಯಂತೆ ನಡೆದ ಚಟುವಟಿಕೆ ಇದೊಂದೇ. ಅಷ್ಟರಲ್ಲಿ ಮೇ ತಿಂಗಳು ಮುಗಿಯುತ್ತ ಬಂತು, ಬಾನಿನಲ್ಲಿ ಮೋಡ ಕಾಣಿಸಿದಾಗಲೆಲ್ಲ ನನಗೆ ಆ ವ್ಯಾನು ನೆನಪಾಗತೊಡಗಿತು.

ಕೊನೆಯ ಪ್ರಯತ್ನವೆಂದು ಕಾಳು ವಿಂಗಡಿಸುವ ಚಟುವಟಿಕೆ ಹಿಡಿದೆ. ಐದು ಬಗೆಯ ಕಾಳು ಬೆರೆಸಬೇಕು, ಮಗು ಬೇರೆ ಬೇರೆ ಮಾಡಬೇಕು. ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕಿದರೆ ಮತ್ತೆ ಹಿಟ್ಟಿನ ಪ್ರಶ್ನೆ ಬರುತ್ತದೆ ಎಂದು, ಅತ್ತೆ ಓಣಿಯ ಗುಡಿಗೆ ಹೋದ ಹೊತ್ತು ನೋಡಿ, ಹಿತ್ತಲ ಕೋಣೆಯ ಗೂಟಕ್ಕೆ ತೂಗಿದ್ದ ಐದು ಬಟ್ಟೆಗಂಟುಗಳನ್ನು ಇಳಿಸಿದೆ. ಬಿಚ್ಚಿದರೆ ಕಾಳಿಗೆಲ್ಲ ಬೂದಿ ಮೆತ್ತಿತ್ತು. ಪಾಪ, ವಯಸ್ಸಾದವರು, ಸ್ವಚ್ಛ ಮಾಡಲು ಆಗಿಲ್ಲ ಎಂದುಕೊಂಡು ಜರಡಿ ಹಿಡಿದೆ, ಬಟ್ಟೆಯಿಂದ ಒರೆಸಿದೆ. ಹೆಸರು, ಮಡಿಕೆಕಾಳು, ಹುರುಳಿ ಮತ್ತು ಎರಡು ಗಂಟಿನಲ್ಲಿ ಅಲಸಂದೆ. ಒಂದೇ ಕಾಳನ್ನು ಎರಡು ಗಂಟು ಮಾಡಿದ್ದಾರಲ್ಲ ಎಂದು ಮರುಗುತ್ತಾ ಐದನ್ನೂ ದೊಡ್ಡ ಪರಾತದಲ್ಲಿ ಸುರಿದು, ಎರಡೂ ಕೈಯಿಂದ ಚೆನ್ನಾಗಿ ಬೆರೆಸಿದೆ.

ಅತ್ತೆ ಬಂದರು, ಪರಾತ ನೋಡಿದರು. ಸಾನ್ವಿಗೂ ಏನೂ ಹೇಳಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೊನೆಗೆ ಕುಳಿತು, ಒಂದು ಹಿಡಿ ಕಾಳು ಅಂಗೈಯಲ್ಲಿ ಹಿಡಿದು, ಸಣ್ಣ ದನಿಯಲ್ಲಿ ಅಂದರು: "ಸಾನವ್ವ, ನಿಮ್ಮಪ್ಪಗ ಹೇಳು. ಇದು ತಿನ್ನೂ ಕಾಳಲ್ಲ, ಬೀಜ. ನಮ್ಮತ್ತಿ ನನ್ನ ಉಡ್ಯಾಗ ಹಾಕಿದ್ದು. ಹುಳಾ ಹತ್ತಬಾರದಂತ ಬೂದಿ ಹಚ್ಚಿರ್ತೇವಿ. ಊರಾಗ ಇಲಿ ಕಾಟ ಅಂತ ಇಲ್ಲಿ ತಂದು ತೂಗ ಹಾಕಿದ್ನಿ. ನಾಳಿ ಬಸು ಒಯ್ಯಾಕ ಬರ್ತಾನ." ಬಸು ಎಂದರೆ ಹೊಲ ನೋಡಿಕೊಳ್ಳುವ ನನ್ನ ಭಾವಮೈದುನ. ಈ ಸಲ ಸಾನ್ವಿ ಏನನ್ನೂ ಸಂಕ್ಷೇಪಿಸಲಿಲ್ಲ, ನನ್ನ ಮುಖ ನೋಡಿದಳು ಅಷ್ಟೆ. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು.

ಮೂವರೂ ಆರಿಸಲು ಕುಳಿತೆವು. ಹೆಸರು, ಮಡಿಕೆ, ಹುರುಳಿ ಮಧ್ಯಾಹ್ನದ ಹೊತ್ತಿಗೆ ಬೇರೆಯಾದವು. ಉಳಿದದ್ದು ಅಲಸಂದೆ. ಒಂದು ಗಂಟಿನದು ಗಿಡ್ಡಗೆ ಬೆಳೆಯುವ ಜಾತಿ, ಇನ್ನೊಂದು ಬಳ್ಳಿ ಹಬ್ಬುವ ಜಾತಿ. ಎರಡನ್ನೂ ಬೇರೆ ಬೇರೆ ಸಾಲಿಗೇ ಬಿತ್ತಬೇಕು, ಇಲ್ಲವಾದರೆ ಬಳ್ಳಿಯದು ಗಿಡ್ಡದ್ದನ್ನು ತುಳಿದು ಹಾಕುತ್ತದಂತೆ. ನನ್ನ ಕಣ್ಣಿಗೆ ಅವು ಅವಳಿ ಜವಳಿ. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಸಾನ್ವಿ ನನ್ನ ಗುಂಪಿನಿಂದ ಒಂದು ಕಾಳು ಎತ್ತಿ, "ಅಪ್ಪಾ, ಇದು ಬಳ್ಳೀದು. ಇದರ ಕಣ್ಣು ದೊಡ್ಡದೈತಿ ನೋಡು" ಎಂದಳು. ಮತ್ತೊಂದು ಎತ್ತಿದಳು, ಮತ್ತೊಂದು. ನಾನು ಮೊಬೈಲಿನಲ್ಲಿ ವಿಂಗಡಣೆಯ ವಿಡಿಯೋ ನೋಡುತ್ತಿದ್ದ ಸಂಜೆಗಳಲ್ಲಿ ಅವಳು ಹಿತ್ತಲ ಕೋಣೆಯಲ್ಲಿ ಆಯಿಯ ಜೊತೆ ಕುಳಿತು ಇದೇ ಬೀಜ ಹಸನು ಮಾಡಿದ್ದಳಂತೆ. ಅವಳ ಪುಟ್ಟ ಬೆರಳುಗಳು ತಡವರಿಸದೆ ಓಡುತ್ತಿದ್ದವು. ಅದನ್ನು ನೋಡಿ ನನಗೆ ಹೆಮ್ಮೆಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಆಯಿತು. ಸಂಜೆಯ ಹೊತ್ತಿಗೆ ನನ್ನ ಸೊಂಟ ಕೈಕೊಟ್ಟಿತು. ನನ್ನ ಪಾಲಿನ ಕೊನೆಯ ನಾಲ್ಕಾರು ಹಿಡಿಯನ್ನು ಅಂದಾಜಿನ ಮೇಲೆ ಗಿಡ್ಡದ್ದೆಂದು ತೀರ್ಮಾನಿಸಿ, ಗಂಭೀರ ಮುಖ ಮಾಡಿಕೊಂಡು ನಾನೇ ಗಂಟು ಕಟ್ಟಿ ಅತ್ತೆಯ ಮುಂದಿಟ್ಟೆ. ಅವರು ತೆಗೆದುಕೊಂಡು ಪಕ್ಕಕ್ಕಿಟ್ಟರು. ತಪ್ಪಿಸಿಕೊಂಡೆ ಎಂದು ಉಸಿರು ಬಿಟ್ಟೆ.

ಸಂಜೆ ರೇಖಾ ಬಂದಳು. ವರದಿಯನ್ನೆಲ್ಲ ಸಾನ್ವಿಯೇ ಒಪ್ಪಿಸಿದಳು, ಅದರಲ್ಲಿ ನನ್ನ ಪಾತ್ರ ಸಾಕಷ್ಟು ದೊಡ್ಡದಾಗಿತ್ತು. ಮಗಳ ಮುಂದೆ ಎರಡು ಬಗೆಯ ಕಾಳು ಇಟ್ಟು ಪರೀಕ್ಷಿಸಿದ ರೇಖಾ, "ಈ ವರ್ಷ ನರ್ಸರಿ ಬ್ಯಾಡ್ರಿ. ಕೂಸು ಮನ್ಯಾಗ ಚಲೋ ಕಲಿಯಾಕತ್ತೈತಿ" ಎಂದಳು. ನಾನು ಗೆದ್ದಿದ್ದೆ. ಮುಖ ಅರಳಿಸಿ ಏನೋ ಹೇಳಲು ಹೊರಟಾಗ, "ಅವ್ವ ಕಲಸ್ತಾಳ. ನೀವು ಮಾತ್ರ ನಡುವ ಹೋಗಬ್ಯಾಡ್ರಿ" ಎಂದಳು.

ಆಗಸ್ಟ್ ಕೊನೆಯ ಒಂದು ಭಾನುವಾರ ಸಾನ್ವಿಯನ್ನು ಕರೆದುಕೊಂಡು ಅತ್ತೆಯ ಹೊಲಕ್ಕೆ ಹೋದೆ. ಅಂದಾಜಿನ ಗಂಟು ಕಟ್ಟಿದವನ ಎದೆಯಲ್ಲಿ ಅಳುಕು ಇದ್ದೇ ಇತ್ತು. ತಲೆ ಮೀರಿ ಬೆಳೆದ ಗೋವಿನಜೋಳದ ನಡುವೆ ಅಲಸಂದೆಯ ಸಾಲುಗಳು, ಗಿಡ್ಡದ್ದು ಗಿಡ್ಡಗೆ, ಬಳ್ಳಿಯದು ಬಳ್ಳಿಯಾಗಿ, ಒಂದೂ ತಪ್ಪಿಲ್ಲದಂತೆ ಇದ್ದವು. ನನ್ನ ಅಂದಾಜು ಸರಿಯಾಗಿಯೇ ಇತ್ತಲ್ಲ ಎಂದು ಬೀಗುತ್ತಾ ಹೊಲದ ತುದಿಗೆ ಬಂದರೆ, ಬದುವಿನ ಪಕ್ಕ ಒಂದು ಸಾಲು ಮಾತ್ರ ಎದ್ದುಬಿದ್ದು ಹಬ್ಬಿತ್ತು. ಬಳ್ಳಿಗಳು ಗಿಡ್ಡ ಗಿಡಗಳ ಮೇಲೆ ಏರಿ, ಪಕ್ಕದ ಬೇಲಿ ಹಿಡಿದು, ದಾರಿಗೆ ಇಳಿದಿದ್ದವು. ಬಸು ಹಿಂದೆ ನಿಂತು ನಗುತ್ತಿದ್ದ. "ಇದು ನಿಮ್ಮ ಸಾಲ್ರಿ ಮಾಮಾ. ಅಳಿಯಾರು ಆರಿಸಿದ ಗಂಟು ಬ್ಯಾರೆ ಬಾಜೂಕ ಬಿತ್ತು ಅಂತ ಅವ್ವ ಆವತ್ತ ಹೇಳಿ ಕಳಿಸಿದ್ಲು."

ಮೂರು ತಿಂಗಳಿಂದ ಎಲ್ಲ ಗೊತ್ತಿದ್ದೂ ಅತ್ತೆ ನನಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು, "ಆದರೂ ಕಾಯಿ ಚೆನ್ನಾಗಿ ಹಿಡಿದಿದೆ ಅಲ್ಲವೇ?" ಎಂದೆ. ಬಸು ಒಂದು ಕಾಯಿ ಮುರಿದು ನೋಡಿ, ನನ್ನ ಮನಸ್ಸು ನೋಯಬಾರದೆಂದು ಸ್ವಲ್ಪ ತಡೆದು, "ಬೀಜಕ್ಕ ಹಿಡ್ಯಾಕ ಬರಂಗಿಲ್ರಿ ಮಾಮಾ. ಪಲ್ಯಾಕ ನಡೀತಾವು" ಎಂದ. ಹದಿನಾಲ್ಕು ವರ್ಷದ ನನ್ನ ಬೋಧನೆಯನ್ನು ಯಾವ ತನಿಖಾಧಿಕಾರಿಯೂ ಇಷ್ಟು ಸರಿಯಾಗಿ ಅಳೆದಿರಲಿಲ್ಲ. ನಾನು ಸಾನ್ವಿಯ ಜೊತೆ ಕುಳಿತು ಚೀಲ ತುಂಬ ಕಾಯಿ ಬಿಡಿಸಿದೆ. ಎಳೆಯವು ಯಾವುವು, ಬಲಿತವು ಯಾವುವು ಎಂದು ಅವಳು ಹೇಳಿಕೊಟ್ಟಳು.