‘ಪೋಯಿನಾರು’ ಅಂದರೆ ಹೋದರು

ಮನುಷ್ಯ ಸಿಟ್ಟಾಗಲು ನ್ಯಾಯವಾದ ಕಾರಣಗಳು ಬಹಳ ಕಡಿಮೆ ಎಂದು ನನ್ನ ಹೆಂಡತಿ ಸರೋಜ ಆಗಾಗ ಹೇಳುತ್ತಾಳೆ. ಕಾಫಿ ಆರಿದ್ದು, ಪೇಪರು ತಡವಾಗಿ ಬಂದದ್ದು, ಪಕ್ಕದ ಮನೆಯವರು ನಮ್ಮ ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸಿದ್ದು, ಇವ್ಯಾವುವೂ ಅವಳ ಪ್ರಕಾರ ಕಾರಣಗಳಲ್ಲ. ಇರಲಿ. ಆದರೆ ಬದುಕಿರುವವನನ್ನು ಸರ್ಕಾರ ಸತ್ತನೆಂದು ಬರೆದುಕೊಂಡರೆ ಅವನು ಸಿಟ್ಟಾಗಬಹುದೋ ಬಾರದೋ, ನೀವೇ ಹೇಳಿ. ನನಗಂತೂ ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕಳೆದ ವಿಧಾನಸಭಾ ಚುನಾವಣೆಯ ದಿನ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ವಕ್ಕಲೇರಿ ಪಕ್ಕದ ನಮ್ಮೂರಿನ ಶಾಲೆಯಲ್ಲಿ ಸಾಲಿಗೆ ನಿಂತಿದ್ದೆ. ನನ್ನ ಸರದಿ ಬಂದಾಗ ಮತಗಟ್ಟೆಯ ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿದರು. ನನ್ನ ಮುಖ ನೋಡಿ, ಮತ್ತೆ ಪಟ್ಟಿ ನೋಡಿ, “ನಾರಾಯಣಸ್ವಾಮಿ ನೀವೇನಾ ಸಾರ್? ನಿಮ್ಮ ಹೆಸ್ರು ಡಿಲೀಟ್ ಆಗಿದೆ. ಪಕ್ಕದಲ್ಲಿ ‘ಇ’ ಅಂತ ಹಾಕಿದ್ದಾರೆ” ಎಂದರು. ‘ಇ’ ಅಂದರೇನು ಎಂದು ಕೇಳಿದ್ದಕ್ಕೆ ಪಾಪ, ಅವರಿಗೇ ಸಂಕೋಚವಾಯಿತು. “ಎಕ್ಸ್‌ಪೈರ್ಡ್ ಸಾರ್” ಎಂದು ಮೆಲ್ಲಗೆ ಹೇಳಿದರು. ಎಕ್ಸ್‌ಪೈರಿ ಆಗುವುದು ಮಾತ್ರೆ, ಬೇಕರಿಯ ಬನ್ನು; ಅವುಗಳ ಸಾಲಿನಲ್ಲಿ ನಾನೂ ಇರುವುದು ಅವತ್ತೇ ಗೊತ್ತಾದದ್ದು. ಗುರುತಿನ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದೆ. “ಕಾರ್ಡಿದ್ರೆ ಆಗಲ್ಲ ಸಾರ್, ಲಿಸ್ಟಲ್ಲಿ ಹೆಸರಿರ್ಬೇಕು. ಎಲೆಕ್ಷನ್‌ಗೆ ಮುಂಚೇನೇ ನೋಡ್ಕೋಬೇಕಿತ್ತು” ಎಂದರು. ಈ ಮಾತನ್ನು ನೀವೂ ಗಂಟು ಕಟ್ಟಿಟ್ಟುಕೊಳ್ಳಿ, ನನ್ನಿಂದ ಲೋಕಕ್ಕೆ ಅಷ್ಟಾದರೂ ಉಪಕಾರವಾಗಲಿ. ಇಂಕಿಲ್ಲದ ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಊರ ನಡುವೆ ನಡೆದು ಬಂದ ನನ್ನ ಅವಮಾನವನ್ನು ಮಾತ್ರ ಯಾರೂ ಕೇಳಲಿಲ್ಲ.

ಮನೆಗೆ ಬಂದು ಕೂಗಾಡಿದಾಗ ಸತ್ಯ ಹೊರಬಿತ್ತು. ನಮ್ಮ ಅತ್ತೆ ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಕಡೆಯವರು. ಅವರ ಬಾಯಿಗೆ ಮೊದಲು ಬರುವುದು ತೆಲುಗು, ಆಮೇಲೆ ಕನ್ನಡ. ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಅವರಲ್ಲಿಲ್ಲವಾದ್ದರಿಂದ ಅಡುಗೆಮನೆಯ ಬಾಗಿಲ ಮರೆಯಿಂದ ಮಗಳಿಗೆ ಹೇಳಿದರು, ಮಗಳು ನನಗೆ ಹೇಳಿದಳು. ಮನೆಮನೆಗೆ ಬಂದು ಮತದಾರರ ಪಟ್ಟಿ ಪರಿಶೀಲಿಸುವ ಮೇಡಂ ಒಬ್ಬರು, ವಿಜಯಪುರದ ಕಡೆಯ ಟೀಚರ್, ಹಿಂದೆ ನಮ್ಮ ಮನೆಗೂ ಬಂದಿದ್ದರಂತೆ. “ನಾರಾಯಣಸ್ವಾಮಿ ಅದಾರೇನ್ರೀ?” ಎಂದು ಕೇಳಿದರಂತೆ. ಅತ್ತೆ, “ಲೇರಮ್ಮಾ, ಪೊದ್ದುನ್ನೇ ಪೋಯಿನಾರು” ಎಂದರಂತೆ. ಇಲ್ಲ, ಬೆಳಿಗ್ಗೆಯೇ ಹೋದರು ಎಂದಷ್ಟೇ ಅದರ ಅರ್ಥ. ಮೇಡಂ ಕಣ್ಣು ಕಣ್ಣು ಬಿಟ್ಟಾಗ ಅತ್ತೆ ಕನ್ನಡದಲ್ಲೂ ಹೇಳಿದ್ದಾರೆ: “ಇಲ್ಲಮ್ಮಾ. ಹೋಗ್ಬಿಟ್ರು.” ಮೇಡಂ ಮರುಗಿ, “ಏನಾಗಿತ್ರೀ ಅವರಿಗೆ?” ಎಂದಿದ್ದಾರೆ. ನಾನು ಅವತ್ತು ಕೋಲಾರಕ್ಕೆ ರಕ್ತ ಪರೀಕ್ಷೆಗೆ ಹೋಗಿದ್ದೆನಲ್ಲ, ಅತ್ತೆ ಸರಿಯಾಗಿಯೇ ಉತ್ತರಿಸಿದ್ದಾರೆ: “ಷುಗರು.”

ಆಮೇಲೆ ಯಾವುದೋ ಫಾರಂ ಮುಂದಿಟ್ಟು ಒಂದು ಸಹಿ ಕೇಳಿದರಂತೆ. ವಯಸ್ಕರ ಶಿಕ್ಷಣದಲ್ಲಿ ಸಹಿ ಕಲಿತ ಅತ್ತೆಗೆ ಅದನ್ನು ಹಾಕುವ ಅವಕಾಶ ಸಿಗುವುದೇ ಅಪರೂಪ, ಖುಷಿಯಾಗಿ ಹಾಕಿಕೊಟ್ಟಿದ್ದಾರೆ. “ಅಳಿಯಂದ್ರ ಷುಗರಿಗೆ ಆ ಮೇಡಮ್ಮಷ್ಟು ಸಂಕಟಪಟ್ಟೋರ್ನ ನಾನು ನೋಡ್ಲಿಲ್ಲ ಕಣೇ” ಎಂದು ಬಾಗಿಲ ಮರೆಯಿಂದ ಕೇಳಿಸಿತು.

ಪಂಚಾಯ್ತಿ ಚುನಾವಣೆ ಹತ್ತಿರವಿರದಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ನಮ್ಮ ವಾರ್ಡಿನಲ್ಲಿ ಹಿಂದಿನ ಸಲ ಇಬ್ಬರು ಅಭ್ಯರ್ಥಿಗಳಿಗೆ ಸಮ ವೋಟು ಬಂದು ಚೀಟಿ ಎತ್ತಿದ್ದರು. ಚೀಟಿಯಲ್ಲಿ ಸೋತವರು ಮಂಜುಳಮ್ಮ. ನಮ್ಮ ಮನೆಯ ಮುಂದೆ ಕಟ್ಟಿ ನಿಂತ ಚರಂಡಿಯನ್ನು ಮೂಗು ಮುಚ್ಚಿಕೊಳ್ಳದೆ ಬಗ್ಗಿ ನೋಡಿದ ಏಕೈಕ ಅಭ್ಯರ್ಥಿ. ಈ ಸಲವೂ ಸಮವಾಗುವಂತಿದ್ದರೆ ಗೆಲ್ಲಿಸುವ ಆ ಒಂದು ವೋಟು ನನ್ನದೇ ಆಗಬೇಕಲ್ಲ. ವಿಧಾನಸಭೆಯ ಪಟ್ಟಿಯಿಂದಲೇ ಪಂಚಾಯ್ತಿಯ ಪಟ್ಟಿ ಮಾಡುತ್ತಾರೆಂದು ತಿಳಿದು ತಾಲ್ಲೂಕು ಕಚೇರಿಗೆ ಓಡಿದೆ. ತಪ್ಪು ಅವರದು, ತಿದ್ದಿಕೊಳ್ಳಲಿ ಎಂದರೆ, “ತಿದ್ದೋಕೆ ಬರಲ್ಲ ಸಾರ್. ಫಾರಂ ಆರು ತುಂಬಿ, ಹೊಸ ಸೇರ್ಪಡೆ” ಎಂದರು. ಫೋಟೋ, ವಿಳಾಸದ ದಾಖಲೆ, ಹುಟ್ಟಿದ ದಿನಾಂಕದ ದಾಖಲೆ ಎಲ್ಲ ಹಿಡಿದು, ಆಗಷ್ಟೇ ಹದಿನೆಂಟು ತುಂಬಿದ ಕಾಲೇಜು ಹುಡುಗಿಯರ ಹಿಂದೆ ನಿಂತೆ. ಒಬ್ಬಳು ತಿರುಗಿ, “ಅಂಕಲ್, ನಿಮ್ಗೂ ಫಸ್ಟ್ ವೋಟಾ?” ಎಂದಳು. ಪೆನ್ಷನ್ ತೆಗೆದುಕೊಳ್ಳುವವನಿಗೆ ಕೇಳುವ ಪ್ರಶ್ನೆಯೇ ಇದು?

ಪರಿಶೀಲನೆಗೆ ಮತ್ತೆ ಅದೇ ಮೇಡಂ ಬಂದರು. ನಾನು ಜಗಲಿಯ ಮೇಲೆ ಕಾದು ಕೂತಿದ್ದೆ. “ಅಯ್ಯ, ನೀವ ಏನ್ರೀ? ನನಗ ಎಷ್ಟ ಕೆಟ್ಟ ಅನಿಸಿತ್ತು ಅವತ್ತ” ಎಂದು ನಕ್ಕರು. ನಾನು ನಗಲಿಲ್ಲ. ಸತ್ತರೋ, ಸಂತೆಗೆ ಹೋದರೋ ಎಂದು ಇನ್ನೊಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಓದಿದವರು ಹೀಗೆ ಕೇಳಿದ ಕೂಡಲೇ ನಂಬಿಬಿಡುವುದೇ ಎಂದು ಕಾಫಿ ಕೊಟ್ಟುಕೊಂಡೇ ಪಾಠ ಹೇಳಿದೆ. ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡರು.

ಹೆಸರು ಬಂತು. ವೋಟು ಹಾಕಿದೆ. ಮಂಜುಳಮ್ಮ ಒಂದೇ ವೋಟಿನಲ್ಲಿ ಗೆದ್ದರು, ಅದು ಯಾರದೆಂದು ನಾನು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಚರಂಡಿ ಮಾತ್ರ ಹಾಗೆಯೇ ಇತ್ತು. ಮೊನ್ನೆ ಸಿಟ್ಟು ನೆತ್ತಿಗೇರಿ ಮೆಂಬರ್ ಮನೆಗೇ ಹೋದೆ. ಅವರ ಮುದಿ ತಾಯಿ ಬಾಗಿಲಲ್ಲಿ ಕೂತಿದ್ದರು, ಕಣ್ಣಲ್ಲಿ ನೀರು. ಮೆಂಬರಮ್ಮ ಇದ್ದಾರಾ ಎಂದೆ. “ಲೇದು ನಾಯನಾ. ಪೋಯಿಂದಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಸಿಟ್ಟೆಲ್ಲ ಎತ್ತ ಹೋಯಿತೋ. ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕುಸಿದು ಕೂತೆ. “ಎಂಥಾ ಹೆಂಗಸು. ನನ್ನ ವೋಟಿಂದ್ಲೇ ಗೆದ್ದಿದ್ದು. ಯಾವಾಗಮ್ಮಾ?” ಎಂದು ಕೇಳಿದೆ.

“ಇವಾಗ್ಲೇ ಕಣಪ್ಪ. ಶ್ರೀನಿವಾಸಪುರದ ಬಸ್ಸು ಸಿಕ್ತೋ ಇಲ್ವೋ” ಎಂದು ಮುದುಕಿ ಈಳಿಗೆಮಣೆ ಎಳೆದುಕೊಂಡು ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡರು.

ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಬಂದೆ. ಸರೋಜಳಿಗೆ ಹೇಳಿಲ್ಲ. ಆ ಮೇಡಂ ರಸ್ತೆಯಲ್ಲಿ ಎದುರಾದರೆ ಈಗ ನಾನೇ ಪಕ್ಕದ ಗಲ್ಲಿಗೆ ತಿರುಗುತ್ತೇನೆ. ಎಷ್ಟಾದರೂ ಅವರು ಒಂದು ಸಹಿಯನ್ನಾದರೂ ಕೇಳಿದ್ದರು.